ಬಾದಾಮಿಯ ಮನೆಗೆ ಅತಿಥಿ, ಗುಳೇದಗುಡ್ಡದ ಮಗ್ಗಕ್ಕೆ ಗಿರಾಕಿ: ಸರ್ಕಾರದ ನೆರವು ಯಾವುದು, ಯಾವ ಕ್ರಮದಲ್ಲಿ?

ಪ್ರಶ್ನೆ: ನಮ್ಮದು ಗುಳೇದಗುಡ್ಡ. ಮನೆಯವರು ಎರಡು ಕುಣಿ ಮಗ್ಗದಲ್ಲಿ (ನೆಲದಲ್ಲಿ ಕುಣಿ ತೋಡಿ ಕೂರಿಸಿದ ಮಗ್ಗ) ಖಣ, ಅಂದರೆ ಕುಪ್ಪಸದ ಬಟ್ಟೆ ನೇಯುತ್ತಾರೆ. ನನ್ನ ತವರುಮನೆ ಬಾದಾಮಿಯಲ್ಲಿ, ಕೆರೆ ಕಡೆ ಹೋಗುವ ಓಣಿಯಲ್ಲಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಗೇ ಇದ್ದಾಳೆ, ಆ ಮನೆಗೆ ಬೀಗ ಹಾಕಿದ್ದೇವೆ. ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಆ ಮನೆಯನ್ನು ಹೋಂಸ್ಟೇ ಮಾಡಿ, ಮಗ್ಗವನ್ನೂ ಅಲ್ಲಿಗೇ ಸಾಗಿಸಿ, ಬಂದ ಪ್ರವಾಸಿಗರಿಗೆ ಖಣ ಮಾರಬೇಕು ಅಂದುಕೊಂಡಿದ್ದೇವೆ. ಹೆಣ್ಣುಮಕ್ಕಳಿಗೆ 35 ಪರ್ಸೆಂಟ್ ಸಬ್ಸಿಡಿ ಸಿಗುತ್ತದೆ ಅನ್ನುತ್ತಾರೆ. ನಾನು ಎಸ್ಸೆಸ್ಸೆಲ್ಸಿ ಪಾಸು. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲು ಅಳತೆ ಮಾಡಿಸಿ. ನಿಮ್ಮ ತವರುಮನೆ ಸಂರಕ್ಷಿತ ಸ್ಮಾರಕದ ಗಡಿಯಿಂದ ಎಷ್ಟು ಮೀಟರ್ ದೂರ ಇದೆ ಎಂದು ಗೊತ್ತಾಗುವ ತನಕ ಬ್ಯಾಂಕಿನ ಮೆಟ್ಟಿಲು ಹತ್ತಬೇಡಿ, ಮೇಸ್ತ್ರಿಗೆ ಮುಂಗಡ ಕೊಡಬೇಡಿ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಯಪುರದ ಕೋಟೆಯೊಳಗಿನ ಓಣಿಗಳು, ಇಲ್ಲೆಲ್ಲ ಒಳ್ಳೆಯ ಯೋಜನೆಗಳು ಸಬ್ಸಿಡಿ ಸಿಗದೆ ನಿಲ್ಲುವುದಕ್ಕಿಂತ ಹೆಚ್ಚಾಗಿ ಈ ಅಳತೆಯಲ್ಲೇ ನಿಲ್ಲುತ್ತವೆ.

ನಿಯಮ ಹೀಗಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಕೇಂದ್ರದ ಪುರಾತತ್ವ ಇಲಾಖೆ ಸಂರಕ್ಷಿಸಿದ ಸ್ಮಾರಕದ ಸುತ್ತ ಮೊದಲ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಳೆಯುವುದು ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಅಂಚಿನಿಂದ. ಜನ ಎಡವುವುದು ಇಲ್ಲೇ. 'ಗುಡಿ ನಮ್ಮ ಮನೆಯಿಂದ ದೂರ ಐತಿ' ಎಂದುಕೊಂಡಿರುತ್ತಾರೆ, ಆದರೆ ಬೇಲಿ ಹಾಕಿದ ಜಾಗದ ಅಂಚು ಅವರ ಹಿತ್ತಲಿಗೆ 60 ಮೀಟರಿನಲ್ಲೇ ಇರುತ್ತದೆ. ಬಾದಾಮಿಯಲ್ಲಿ ಸ್ಮಾರಕ ಎಂದರೆ ಮೇಣಬಸದಿ, ಅಂದರೆ ಗುಹಾಲಯಗಳು, ಒಂದೇ ಅಲ್ಲ. ಭೂತನಾಥ ಗುಡಿಗಳು, ಶಿವಾಲಯಗಳು, ಊರೊಳಗಿನ ಗುಡಿಗಳು ಎಲ್ಲವನ್ನೂ ಲೆಕ್ಕ ಹಿಡಿಯಬೇಕು. ಕೆರೆ ಕಡೆಯ ಓಣಿ ಎಂದಿದ್ದೀರಿ, ಆದ್ದರಿಂದ ನಿಮ್ಮ ಮನೆ ಈ ಎರಡು ವಲಯಗಳಲ್ಲಿ ಒಂದರೊಳಗೆ ಬರುವ ಸಾಧ್ಯತೆ ಬಹಳ ಹೆಚ್ಚು.

ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅನುಮತಿಯೇ ಇಲ್ಲ. ಇರುವ ಮನೆಯ ದುರಸ್ತಿ, ನವೀಕರಣಕ್ಕೆ ಅನುಮತಿ ಪಡೆಯಬಹುದು. ಈ ವ್ಯತ್ಯಾಸ ಹೋಂಸ್ಟೇಗೆ ಬಹಳ ಮುಖ್ಯ. ಮಾಳಿಗೆಯ ಮೇಲೆ ಇನ್ನೊಂದು ಕೋಣೆ ಏರಿಸುವುದು, ಹಿತ್ತಲಲ್ಲಿ ಹೊಸದಾಗಿ ಗೋಡೆ ಎಬ್ಬಿಸಿ ಶೌಚಾಲಯ ಕಟ್ಟುವುದು, ಎರಡೂ ಕಟ್ಟಡದ ವಿಸ್ತರಣೆ. ಮೇಲಕ್ಕೆ ಬೆಳೆದರೂ ಅಡ್ಡಕ್ಕೆ ಬೆಳೆದರೂ ಕಾಯ್ದೆಯ ಕಣ್ಣಿಗೆ ಅದು ನಿರ್ಮಾಣವೇ. ಅದೇ ಶೌಚಾಲಯವನ್ನು ಈಗಿರುವ ನಾಲ್ಕು ಗೋಡೆಯೊಳಗೆ, ಹಳೆಯ ಉಗ್ರಾಣದ ಕೋಣೆಯಲ್ಲೋ ಬಚ್ಚಲಿನಲ್ಲೋ ಮಾಡಿಕೊಂಡರೆ ನವೀಕರಣದ ಅನುಮತಿ ಕೇಳುವ ದಾರಿ ಇದೆ. ಹಾಗಾಗಿ ನಕ್ಷೆ ಬರೆಯುವ ಎಂಜಿನಿಯರಿಗೆ ಮೊದಲ ದಿನವೇ ಹೇಳಿಬಿಡಿ: ಹೊರಗೋಡೆ ಒಂದು ಅಡಿಯೂ ಆಚೆ ಹೋಗಬಾರದು, ಎತ್ತರ ಒಂದು ಇಂಚೂ ಏರಬಾರದು. ಅನುಮತಿ ಇಲ್ಲದೆ ಕಟ್ಟಿದರೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಕಟ್ಟಿದ್ದನ್ನು ಕೆಡವಿಸುವ ನೋಟಿಸು ಬಂದರೆ ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ಅರ್ಜಿ ಆನ್‌ಲೈನ್‌ನಲ್ಲಿ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರದ ವ್ಯವಸ್ಥೆಯ ಮೂಲಕ ಹೋಗುತ್ತದೆ. ಕಾಯ್ದೆಯಲ್ಲೇ ಗಡುವು ಇದೆ: ಸಕ್ಷಮ ಪ್ರಾಧಿಕಾರಿ (ಅರ್ಜಿ ಸ್ವೀಕರಿಸುವ ಅಧಿಕಾರಿ) 15 ದಿನದೊಳಗೆ ಅರ್ಜಿಯನ್ನು ಪ್ರಾಧಿಕಾರಕ್ಕೆ ಕಳಿಸಬೇಕು, ಪ್ರಾಧಿಕಾರ 2 ತಿಂಗಳೊಳಗೆ ಶಿಫಾರಸು ಕೊಡಬೇಕು, ಆಮೇಲೆ ಒಂದು ತಿಂಗಳಲ್ಲಿ ತೀರ್ಮಾನ ಆಗಬೇಕು. ಎಲ್ಲ ಸರಿ ನಡೆದರೂ ಮೂರೂವರೆ ತಿಂಗಳು. ನಕ್ಷೆ, ಹಕ್ಕುಪತ್ರ, ನಾಲ್ಕೂ ದಿಕ್ಕಿನಿಂದ ತೆಗೆದ ಈಗಿನ ಮನೆಯ ಫೋಟೋ ಒಂದಕ್ಕೊಂದು ಹೊಂದದಿದ್ದರೆ ಅರ್ಜಿ ವಾಪಸು ಬರುತ್ತದೆ, ಎಣಿಕೆ ಮತ್ತೆ ಮೊದಲಿನಿಂದ.

ಹಕ್ಕುಪತ್ರ ಎಂದ ಕೂಡಲೇ ಎರಡನೆಯ ತೊಡಕು ಎದುರಾಗುತ್ತದೆ, ಅದು ಅಪ್ಪನ ಹೆಸರಿನ ಖಾತೆ. ತೀರಿಕೊಂಡವರ ಹೆಸರಲ್ಲಿ ಇರುವ ಆಸ್ತಿಗೆ ಸ್ಮಾರಕ ಪ್ರಾಧಿಕಾರವೂ ಒಪ್ಪುವುದಿಲ್ಲ, ಪ್ರವಾಸೋದ್ಯಮ ಇಲಾಖೆಯೂ ಒಪ್ಪುವುದಿಲ್ಲ, ಬ್ಯಾಂಕಂತೂ ಕಾಗದ ಮುಟ್ಟುವುದಿಲ್ಲ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ತೆರಿಗೆ ಕಟ್ಟಿದ ರಸೀದಿ ಹಿಡಿದು ಪುರಸಭೆಯಲ್ಲಿ ವಾರಸಾ ಖಾತೆಗೆ ಅರ್ಜಿ ಹಾಕಿ, ಇ-ಆಸ್ತಿ (ಆನ್‌ಲೈನ್ ಖಾತೆ) ಮಾಡಿಸಿ. ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಇದ್ದರೆ ಅವರಿಗೂ ಆ ಮನೆಯಲ್ಲಿ ಹಕ್ಕಿದೆ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಬಾಯಿಮಾತಿನಲ್ಲಿ 'ಆಗಲಿ' ಎಂದದ್ದು ಸಾಲದು. ಮನೆ ಅವ್ವನ ಹೆಸರಿಗೋ ನಿಮ್ಮ ಹೆಸರಿಗೋ ಆಗಬೇಕಾದರೆ ಉಳಿದ ವಾರಸುದಾರರ ಹಕ್ಕು ಬಿಡುಗಡೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯೇ ಆಗಬೇಕು. ಹೋಂಸ್ಟೇ ನಡೆಯತೊಡಗಿ ನಾಲ್ಕು ಕಾಸು ಬರುವ ಹೊತ್ತಿಗೆ ತಕರಾರು ಎದ್ದು ಮನೆಗೆ ಮತ್ತೆ ಬೀಗ ಬೀಳುವುದು ಇಲ್ಲಿ ಹೊಸದಲ್ಲ. ಈ ಕೆಲಸವನ್ನು ದುಡ್ಡು ಹುಟ್ಟುವ ಮುಂಚೆ, ಮನಸ್ಸುಗಳು ಚೆನ್ನಾಗಿರುವಾಗಲೇ ಮುಗಿಸಿಕೊಳ್ಳಿ.

ಬೀಗ ಹಾಕಿದ ಮನೆ ಹೋಂಸ್ಟೇ ಆಗುವುದಿಲ್ಲ

ಹೋಂಸ್ಟೇ ಅಂದರೆ ಕುಟುಂಬ ವಾಸವಿರುವ ಮನೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವರ್ಗೀಕರಣದಲ್ಲಿ ಮಾಲೀಕರೋ ಅವರ ಕುಟುಂಬವೋ ಅದೇ ಮನೆಯಲ್ಲಿ ವಾಸ ಇರಬೇಕು. ಬಾಡಿಗೆಗೆ ಕೊಡುವ ಕೋಣೆ ಕನಿಷ್ಠ 1, ಗರಿಷ್ಠ 6, ಅಂದರೆ 12 ಹಾಸಿಗೆ. ಖಾಲಿ ಮನೆಗೆ ಒಬ್ಬ ಆಳನ್ನಿಟ್ಟು ಕೀಲಿಕೈ ಕೊಟ್ಟರೆ ಅದು ವಸತಿಗೃಹ, ಅಂದರೆ ಲಾಡ್ಜು. ಲಾಡ್ಜಿಗೆ ಬೇರೆ ಪರವಾನಗಿ, ಬೇರೆ ತೆರಿಗೆ, ವಾಣಿಜ್ಯ ದರದ ವಿದ್ಯುತ್. ನಿಮ್ಮ ಅವ್ವ ಬಾದಾಮಿಗೆ ಮರಳಿ ಇರಲು ಮನಸ್ಸು ಮಾಡಿದರೆ ಈ ಯೋಜನೆ ಕೈಗೂಡುತ್ತದೆ. ಅವರು ಒಲ್ಲೆ ಎಂದರೆ ನೀವೇ ಹೋಗಿ ಇರಬೇಕು. ಮಕ್ಕಳ ಶಾಲೆ, ಮಗ್ಗದ ಕೆಲಸ, ಎರಡು ಒಲೆ, ಎಲ್ಲದರ ಪ್ರಶ್ನೆ ಇದು. ಸಬ್ಸಿಡಿಯ ಲೆಕ್ಕಕ್ಕಿಂತ ಮೊದಲು ಇದನ್ನು ಮನೆಯಲ್ಲಿ ಕೂತು ಇತ್ಯರ್ಥ ಮಾಡಿಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ, ಅವ್ವನೇ ಆ ಮನೆಯ ಜೀವಾಳ. ಪಡಸಾಲೆಯಲ್ಲಿ ಕೂತು ರೊಟ್ಟಿ ಬಡಿಯುವ ಹಿರಿಯ ಹೆಣ್ಣುಮಗಳು ಇರುವ ಮನೆಗೂ ಬರೀ ಎರಡು ಹಾಸಿಗೆಯ ಕೋಣೆಗೂ ಅತಿಥಿಗಳು ಒಂದೇ ಬೆಲೆ ಕೊಡುವುದಿಲ್ಲ.

ನೋಂದಣಿಗೆ ಜಿಲ್ಲಾ ಪ್ರವಾಸೋದ್ಯಮ ಇಲಾಖೆ, ಪೊಲೀಸ್ ಠಾಣೆಯಿಂದ ನಿರಾಕ್ಷೇಪಣೆ, ಪುರಸಭೆಯ ಒಪ್ಪಿಗೆ ಬೇಕು. ಅತಿಥಿಗಳಿಗೆ ಊಟ ಬಡಿಸುವುದಾದರೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿ, ಸಣ್ಣ ಪ್ರಮಾಣದವರಿಗೆ ವರ್ಷಕ್ಕೆ 100 ರೂಪಾಯಿ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ವಲಸೆ ವಿಭಾಗದ ಜಾಲತಾಣದಲ್ಲಿ ಅವರ ಪಾಸ್‌ಪೋರ್ಟ್, ವೀಸಾ ವಿವರ ದಾಖಲಿಸಲೇಬೇಕು. ಒಂದು ರಾತ್ರಿಯ ಅತಿಥಿ, ಬೆಳಿಗ್ಗೆ ಹಂಪಿಗೆ ಹೋಗುತ್ತಾರೆ ಎಂದು ಬಿಡಬೇಡಿ. ನೋಂದಣಿಗೇ ಕುತ್ತು ತರುವ ತಪ್ಪು ಅದು.

ಕೋಣೆಯ ವಿಷಯದಲ್ಲಿ ಬಾದಾಮಿಗೇ ಸೇರಿದ ಎರಡು ಮಾತು. ಒಂದು, ಮಂಗ. ನೀರಿನ ಟ್ಯಾಂಕಿನ ಮುಚ್ಚಳಕ್ಕೆ ಬೀಗ, ಮಾಳಿಗೆಯ ಪ್ಲಾಸ್ಟಿಕ್ ಪೈಪಿಗೆ ಸಿಮೆಂಟಿನ ಹೊದಿಕೆ, ಕಿಟಕಿಗೆ ಸಣ್ಣ ಕಣ್ಣಿನ ಜಾಳಿಗೆ, ಬಟ್ಟೆ ಒಣಗಿಸಲು ಜಾಳಿಗೆ ಹಾಕಿದ ಜಾಗ, ಇವು ಅಂದಾಜು ಪಟ್ಟಿಯಲ್ಲೇ ಇರಲಿ. ಇನ್ನೊಂದು, ಕಲ್ಲು. ಬಾದಾಮಿಯ ಕೆಂಗಲ್ಲು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಉಗುಳುತ್ತದೆ. ಏಪ್ರಿಲ್‌ನಲ್ಲಿ ಎ.ಸಿ. ಹಾಕಿದರೂ ಮಾಳಿಗೆ ಕಾದಿದ್ದರೆ ಕೋಣೆ ತಣಿಯುವುದಿಲ್ಲ, ಬಿಲ್ಲು ಮಾತ್ರ ಏರುತ್ತದೆ. ಮಾಳಿಗೆಗೆ ಸುಣ್ಣದ ಲೇಪ, ಬೆಳಕಿಂಡಿಗೆ ತೆಗೆದು ಮುಚ್ಚುವ ಕದ, ಇಷ್ಟರಿಂದಲೇ ಎ.ಸಿ.ಯ ಹೊರೆ ಇಳಿಯುತ್ತದೆ.

35 ಅಲ್ಲ, 25

ಈಗ ಸಬ್ಸಿಡಿಗೆ ಬರೋಣ. ನೀವು ಕೇಳಿದ್ದು ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ಬಗ್ಗೆ. ಅಲ್ಲಿ ಮಹಿಳೆಯರಿಗೆ ಗ್ರಾಮೀಣ ಪ್ರದೇಶದಲ್ಲಿ 35%, ನಗರ ಪ್ರದೇಶದಲ್ಲಿ 25%. ಗುಳೇದಗುಡ್ಡವೂ ಪುರಸಭೆ, ಬಾದಾಮಿಯೂ ಪುರಸಭೆ. ಎರಡೂ ನಗರವೇ, ಆದ್ದರಿಂದ ನಿಮಗೆ 25%. ಪಟ್ಟದಕಲ್ಲಿನಲ್ಲೋ ಐಹೊಳೆಯಲ್ಲೋ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಘಟಕ ಇದ್ದಿದ್ದರೆ 35% ಆಗುತ್ತಿತ್ತು. ಸಬ್ಸಿಡಿಯ ಆಸೆಗೆ ಹಳ್ಳಿಯ ವಿಳಾಸ ಕೊಟ್ಟು ಊರಲ್ಲಿ ಘಟಕ ನಡೆಸುವವರಿದ್ದಾರೆ. ಭೌತಿಕ ಪರಿಶೀಲನೆಗೆ ಬಂದವರು ಘಟಕ ಕಾಣದೆ ಹಿಂದಿರುಗಿದರೆ ಸಬ್ಸಿಡಿ ಹಣ ವಾಪಸು ಹೋಗುತ್ತದೆ, ಸಾಲ ಪೂರ್ತಿ ತಲೆ ಮೇಲೆ ಉಳಿಯುತ್ತದೆ.

ಸೇವಾ ಘಟಕಕ್ಕೆ ಯೋಜನಾ ವೆಚ್ಚದ ಮಿತಿ 20 ಲಕ್ಷ, ತಯಾರಿಕಾ ಘಟಕಕ್ಕೆ 50 ಲಕ್ಷ. ಸೇವಾ ಘಟಕ 5 ಲಕ್ಷ ಮೀರಿದರೆ 8ನೇ ತರಗತಿ ಪಾಸಾಗಿರಬೇಕು, ನಿಮಗೆ ಆ ತೊಂದರೆ ಇಲ್ಲ. ಜಾಗದ ಬೆಲೆ ವೆಚ್ಚಕ್ಕೆ ಸೇರುವುದಿಲ್ಲ.

ಉದಾಹರಣೆಗೆ ಎರಡು ಕೋಣೆ, ಎರಡು ಶೌಚಾಲಯ, ಸೋಲಾರ್ ಬಿಸಿನೀರು, ಇನ್ವರ್ಟರ್, ಮಂಚ ಹಾಸಿಗೆ ಎಲ್ಲ ಸೇರಿ 6 ಲಕ್ಷ ಎಂದಿಟ್ಟುಕೊಳ್ಳಿ. ನಿಮ್ಮ ಕೈಯಿಂದ 5%, ಅಂದರೆ 30,000. ಬ್ಯಾಂಕು 5,70,000 ಕೊಡುತ್ತದೆ. ಸಬ್ಸಿಡಿ 1,50,000. ಇದು ನಿಮ್ಮ ಕೈಗೆ ಬರುವ ದುಡ್ಡಲ್ಲ. ಅದೇ ಬ್ಯಾಂಕಿನಲ್ಲಿ ನಿಮ್ಮ ಹೆಸರಲ್ಲಿ 3 ವರ್ಷ ಠೇವಣಿಯಾಗಿ ಕೂರುತ್ತದೆ. ಆ ಠೇವಣಿಗೆ ಬಡ್ಡಿ ಇಲ್ಲ, ಅಷ್ಟೇ ಮೊತ್ತದ ಸಾಲಕ್ಕೂ ಬಡ್ಡಿ ಇಲ್ಲ. ಮೂರು ವರ್ಷ ಘಟಕ ನಡೆದು, ಪರಿಶೀಲನೆ ಮುಗಿದ ಮೇಲೆ ಸಾಲಕ್ಕೆ ಜಮೆ. ಅಲ್ಲಿಗೆ ಬಡ್ಡಿ ಬೀಳುವ ಸಾಲ 4,20,000. 11% ಬಡ್ಡಿ, 5 ವರ್ಷ ಎಂದು ಹಿಡಿದರೆ ತಿಂಗಳ ಕಂತು ಸುಮಾರು 9,130.

ಈ ಕಂತು ಹುಟ್ಟುತ್ತದೆಯೇ? ಕೋಣೆಗೆ ರಾತ್ರಿಗೆ 1,500 ಎಂದು ಹಿಡಿದು, ಹಾಸಿಗೆ ಬಟ್ಟೆ ಒಗೆತ, ನೀರು, ವಿದ್ಯುತ್, ಬುಕಿಂಗ್ ಕಮಿಷನ್ ಕಳೆದು 900 ಉಳಿದರೆ, ವರ್ಷದ ಕಂತಿಗೇ 122 ಕೋಣೆ-ರಾತ್ರಿ ತುಂಬಬೇಕು. ಬಾದಾಮಿಯ ಹಂಗಾಮು ಅಕ್ಟೋಬರಿನಿಂದ ಫೆಬ್ರುವರಿ. ಆ ಐದು ತಿಂಗಳಿಗೆ ಎರಡು ಕೋಣೆಯಿಂದ ಸುಮಾರು 300 ಕೋಣೆ-ರಾತ್ರಿ. ಅಂದರೆ ಹಂಗಾಮಿನಲ್ಲಿ ಹತ್ತು ರಾತ್ರಿಗೆ ನಾಲ್ಕು ತುಂಬಿದರೆ ಕಂತು ಹೊರಟಿತು, ಅದರ ಮೇಲಿನದು ನಿಮ್ಮ ದುಡಿಮೆ. ನಾಲ್ಕು ಕೋಣೆಯ ಆಸೆ ಬೇಡ ಎನ್ನುವುದು ಈ ಲೆಕ್ಕಕ್ಕೇ. ಮಾರ್ಚಿನಿಂದ ಜೂನ್‌ವರೆಗೆ ನಾಲ್ಕು ಕೋಣೆಯೂ ಖಾಲಿ ಇದ್ದು ಕಂತು ಮಾತ್ರ ದುಪ್ಪಟ್ಟಾಗಿರುತ್ತದೆ.

ಅರ್ಜಿ ಆನ್‌ಲೈನ್, ಶುಲ್ಕ ಇಲ್ಲ. 'ಮಾಡಿಸಿ ಕೊಡ್ತೀನಿ, ಸಬ್ಸಿಡಿಯಲ್ಲಿ ಇಷ್ಟು ಪಾಲು' ಎನ್ನುವವರ ಹತ್ತಿರ ಸುಳಿಯಬೇಡಿ. ಅರ್ಜಿ ಬಾಗಲಕೋಟೆಯ ಜಿಲ್ಲಾ ಕೈಗಾರಿಕಾ ಕೇಂದ್ರದಿಂದ ಬ್ಯಾಂಕಿಗೆ ಹೋಗುತ್ತದೆ, ಬ್ಯಾಂಕು ಮಂಜೂರು ಮಾಡಿದ ಮೇಲೆ ಉದ್ಯಮಶೀಲತಾ ತರಬೇತಿ, ಆಮೇಲೆ ಸಾಲದ ಮೊದಲ ಕಂತು, ಆಮೇಲೆ ಸಬ್ಸಿಡಿ. ಮಂಜೂರಾತಿಗೆ ಮುಂಚೆ ಕೊಂಡ ಸಾಮಾನಿನ ಬಿಲ್ಲು, ಮುಂಚೆ ಮುಗಿದ ಕೆಲಸದ ಖರ್ಚು ಲೆಕ್ಕಕ್ಕೆ ಬರುವುದಿಲ್ಲ. ಅವಸರಕ್ಕೆ ಬಿದ್ದು ಮೊದಲೇ ಟೈಲ್ಸ್ ಹಾಕಿಸಬೇಡಿ. ದುಡಿಯುವ ಬಂಡವಾಳಕ್ಕೆ (ದಿನನಿತ್ಯದ ಖರ್ಚಿನ ಸಾಲಕ್ಕೆ) ಮಿತಿ ಪಡೆದರೆ ಮೂರು ವರ್ಷದಲ್ಲಿ ಒಮ್ಮೆಯಾದರೂ ಅದನ್ನು ಪೂರ್ತಿ ಬಳಸಿರಬೇಕು, ಸರಾಸರಿ ಬಳಕೆ 75% ಇರಬೇಕು. ಇಲ್ಲವಾದರೆ ಅಷ್ಟರಮಟ್ಟಿಗೆ ಸಬ್ಸಿಡಿ ಹಿಂದಕ್ಕೆ ಹೋಗುತ್ತದೆ. 'ಇರಲಿ' ಎಂದು ದೊಡ್ಡ ಮಿತಿ ಬರೆಸಿಕೊಂಡವರು ಕೊನೆಗೆ ಪೇಚಾಡುವುದು ಇದರಿಂದ. ಹೋಂಸ್ಟೇಗೆ ದುಡಿಯುವ ಬಂಡವಾಳ ಹೆಚ್ಚು ಬೇಡ.

ಕುಟುಂಬಕ್ಕೆ ಒಬ್ಬರಿಗೇ ಈ ನೆರವು. ಗಂಡ ಹೆಂಡತಿ ಸೇರಿ ಒಂದು ಕುಟುಂಬ. ಘಟಕ ಹೊಸದಾಗಿರಬೇಕು, ಬೇರೆ ಸರ್ಕಾರಿ ಸಬ್ಸಿಡಿ ಪಡೆದ ಘಟಕಕ್ಕೆ ಇಲ್ಲಿ ಜಾಗವಿಲ್ಲ. ಹೋಂಸ್ಟೇ ಮತ್ತು ಮಗ್ಗವನ್ನು ಒಂದೇ ಅರ್ಜಿಯಲ್ಲಿ ಕಟ್ಟಿಹಾಕಬೇಡಿ ಎನ್ನುವುದಕ್ಕೆ ಇದೇ ಕಾರಣ. ಮಗ್ಗ ಹಳೆಯದು, ಅದಕ್ಕೆ ಜವಳಿ ಇಲಾಖೆಯ ನೆರವು ಬೇರೆ ಇದೆ. ಹೋಂಸ್ಟೇ ಹೊಸದು, ನಿಮ್ಮ ಹೆಸರಲ್ಲಿ ಇರಲಿ. ಮಗ್ಗ ಮನೆಯವರ ಹೆಸರಲ್ಲೇ ಇರಲಿ.

ಈ ದಾರಿ ಭಾರ ಅನಿಸಿದರೆ ಮುದ್ರಾ ಸಾಲ ಇದೆ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಹೋಂಸ್ಟೇಗಳಿಗೂ ಮುದ್ರಾ ಎಂದು ಹೆಸರೆತ್ತಿಯೇ ಘೋಷಿಸಿದ್ದಾರೆ. ಕಿಶೋರ್ ವರ್ಗದಲ್ಲಿ 5 ಲಕ್ಷ, ತರುಣ್‌ನಲ್ಲಿ 10 ಲಕ್ಷದವರೆಗೆ, ಅಡಮಾನ ಇಲ್ಲದೆ. ಸಬ್ಸಿಡಿ ಇಲ್ಲ, ಆದರೆ ಮೂರು ವರ್ಷದ ಕಟ್ಟೂ ಇಲ್ಲ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿಯಲ್ಲಿ 3 ಲಕ್ಷದವರೆಗಿನ ಸಾಲಕ್ಕೆ ಸಾಮಾನ್ಯ ವರ್ಗದವರಿಗೆ 30%, ಗರಿಷ್ಠ 90,000, ಪರಿಶಿಷ್ಟರಿಗೆ 50%. ಅದಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿ ಇದೆ. ಒಂದೇ ಹೋಂಸ್ಟೇಗೆ ಎರಡು ಕಡೆ ಕೈಚಾಚುವಂತಿಲ್ಲ. ಒಂದನ್ನು ಆರಿಸಿ.

ಮಗ್ಗವನ್ನು ಬಾದಾಮಿಗೆ ಸಾಗಿಸಬೇಡಿ

ನಿಮ್ಮ ಯೋಜನೆಯಲ್ಲಿ ನನಗೆ ಒಪ್ಪಿಗೆಯಾಗದ ಭಾಗ ಇದು. ಕುಣಿ ಮಗ್ಗ ಮಂಚದ ಹಾಗೆ ಎತ್ತಿಕೊಂಡು ಹೋಗುವ ವಸ್ತುವಲ್ಲ. ಕುಣಿಯ ತಂಪು, ತೇವ ಹಾಸಿನ ಎಳೆ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ನೂಲು, ತುಂಡಾಗದಂತೆ ಕಾಯುತ್ತದೆ. ಬಾದಾಮಿಯಲ್ಲಿ ಹೊಸ ಕುಣಿ ತೋಡಬೇಕೆಂದರೆ ಮತ್ತೆ ಅದೇ 100 ಮೀಟರಿನ ಪ್ರಶ್ನೆ ಎದ್ದು ನಿಲ್ಲುತ್ತದೆ. ನೇಕಾರರ ಗುರುತಿನ ಚೀಟಿ, ಮಗ್ಗದ ದಾಖಲೆ ಎಲ್ಲ ಗುಳೇದಗುಡ್ಡದ ವಿಳಾಸದ್ದು. ಪರಿಶೀಲನೆಗೆ ಬಂದ ದಿನ ಆ ವಿಳಾಸದಲ್ಲಿ ಮಗ್ಗ ಕಾಣದಿದ್ದರೆ ಬರುವ ನೆರವೂ ತಪ್ಪುತ್ತದೆ. ಹಾಸು ಹೂಡುವವರು, ಬಣ್ಣದವರು, ಅಚ್ಚು ಕಟ್ಟುವವರು ಎಲ್ಲ ಅಲ್ಲೇ ಇದ್ದಾರೆ.

ಮಗ್ಗಕ್ಕೆ ಸಿಗುವುದು ಕಡಿಮೆಯೇನಲ್ಲ. ರಾಷ್ಟ್ರೀಯ ಕೈಮಗ್ಗ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸುಧಾರಿತ ಮಗ್ಗ, ಬಿಡಿಭಾಗಗಳಿಗೆ ವೆಚ್ಚದ 90% ಕೇಂದ್ರದ್ದು, 10% ನೇಕಾರರದು. ಮನೆಗೇ ಅಂಟಿದ ನೇಯ್ಗೆ ಕೊಠಡಿಗೆ 1.20 ಲಕ್ಷದ ಘಟಕ ವೆಚ್ಚ. ಬಡತನ ರೇಖೆಗಿಂತ ಕೆಳಗಿನವರು, ಪರಿಶಿಷ್ಟರು, ಮಹಿಳೆಯರಿಗೆ ಪೂರ್ತಿ, ಉಳಿದವರಿಗೆ 75%. ನೂಲಿಗೆ ಕಚ್ಚಾ ಸಾಮಗ್ರಿ ಪೂರೈಕೆ ಯೋಜನೆಯಲ್ಲಿ 15% ರಿಯಾಯಿತಿ. ನೇಕಾರರ ಮುದ್ರಾದಲ್ಲಿ ಬಡ್ಡಿ 6%, ಸಾಲದ 20%ರಷ್ಟು, ಗರಿಷ್ಠ 25,000 ಮಾರ್ಜಿನ್ ಹಣ (ಸರ್ಕಾರ ಭರಿಸುವ ಪಾಲು). ರಾಜ್ಯದ ನೇಕಾರ ಸಮ್ಮಾನ್‌ನಲ್ಲಿ ವರ್ಷಕ್ಕೆ 5,000 ನೇರ ಖಾತೆಗೆ. ಎಲ್ಲದಕ್ಕೂ ಬಾಗಿಲು ಒಂದೇ: ಜಿಲ್ಲೆಯ ಕೈಮಗ್ಗ ಮತ್ತು ಜವಳಿ ಇಲಾಖೆ. ನಿಮ್ಮ ಮನೆಯಲ್ಲಿ ಕಂಡಿಕೆ ಸುತ್ತುವ, ಹಾಸು ಹೂಡುವ ಕೆಲಸ ನಿಮ್ಮದೇ ಆಗಿದ್ದರೆ ಪೂರಕ ಕೆಲಸಗಾರರೆಂದು ನಿಮ್ಮ ಹೆಸರೂ ದಾಖಲೆಯಲ್ಲಿ ಇರಬೇಕು. ಇಲ್ಲದಿದ್ದರೆ ಕೇಳಿ ಸೇರಿಸಿಸಿ. ಹೆಂಗಸರ ಕೆಲಸವನ್ನು 'ಮನೆಗೆಲಸ' ಎಂದು ಬಿಟ್ಟುಬಿಟ್ಟ ಮನೆಗಳು ನಮ್ಮ ಕಡೆ ಬಹಳ. ಪಿ.ಎಂ. ವಿಶ್ವಕರ್ಮಕ್ಕೆ ಅರ್ಜಿ ಹಾಕಲು ಹೋಗಬೇಡಿ. ಅದರ 18 ಕಸುಬುಗಳಲ್ಲಿ ದರ್ಜಿ ಇದ್ದಾರೆ, ಮಗ್ಗದ ನೇಕಾರರಿಲ್ಲ.

ಮೇಲಿನ ಉದ್ಯೋಗ ಸೃಜನ ಕಾರ್ಯಕ್ರಮಕ್ಕೂ ಈ ಕೈಮಗ್ಗ ಕಾರ್ಯಕ್ರಮಕ್ಕೂ ಮಂಜೂರಾತಿ 2021-22ರಿಂದ 2025-26ರ ಅವಧಿಗೆ ಆದದ್ದು. ಆದ್ದರಿಂದ ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ಮಾರ್ಗಸೂಚಿಯ ಪ್ರತಿಯನ್ನು ಕಚೇರಿಯಲ್ಲಿ ಕೇಳಿ ಪಡೆದು ದರಗಳನ್ನು ತಾಳೆ ನೋಡಿ.

ಇನ್ನು ಮಾರಾಟ. ಅತಿಥಿಯನ್ನು ಮಗ್ಗದ ಹತ್ತಿರ ಕರೆದೊಯ್ಯಿರಿ. ಬಾದಾಮಿಗೆ ಬರುವವರು ಸಾಮಾನ್ಯವಾಗಿ ಒಂದೇ ಹಗಲಲ್ಲಿ ಮೇಣಬಸದಿ, ಸುಮಾರು 22 ಕಿಲೋಮೀಟರ್ ದೂರದ ಪಟ್ಟದಕಲ್ಲು, ಅಲ್ಲಿಂದಾಚೆ ಐಹೊಳೆ ಮುಗಿಸಿ ಹೊಸಪೇಟೆಯ ದಾರಿ ಹಿಡಿಯುತ್ತಾರೆ. ಊರಿಗೆ ದುಡ್ಡು ಉಳಿಯುವುದು ಎರಡನೇ ರಾತ್ರಿಯಲ್ಲಿ. ಮೊದಲ ಸಂಜೆ ಭೂತನಾಥ ಗುಡಿಯ ಎದುರು ಕೂರಿಸಿ. ಗುಡಿ ಕೆರೆಯ ಮೂಡಣ ದಂಡೆಯಲ್ಲಿ ಪಡುವಣಕ್ಕೆ ಮುಖ ಮಾಡಿದೆ, ಮುಳುಗುವ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಮರುದಿನ ಪಟ್ಟದಕಲ್ಲು, ಐಹೊಳೆ. ಮೂರನೇ ದಿನ ಬೆಳಿಗ್ಗೆ ಮಹಾಕೂಟ, ಗುಳೇದಗುಡ್ಡ, ನಿಮ್ಮ ಮಗ್ಗ. ಹೀಗೆ ಜೋಡಿಸಿದರೆ ಎರಡನೇ ರಾತ್ರಿ ತಾನಾಗಿ ನಿಮ್ಮದಾಗುತ್ತದೆ.

ಮಗ್ಗದ ಹತ್ತಿರ ಭಾಷಣ ಬೇಡ. ಲಾಳಿ ಹಾರುವುದನ್ನು ಹತ್ತು ನಿಮಿಷ ನೋಡಲಿ. ಆಮೇಲೆ ತೇರಿನ ವಿನ್ಯಾಸ ಎದ್ದ ಖಣವೊಂದನ್ನು ಅವರ ಕೈಗೆ ಕೊಟ್ಟು ತಿರುವಿ ಹಾಕಲು ಹೇಳಿ. ಮುಂಬದಿಯ ವಿನ್ಯಾಸದ ಎಳೆಗಳು ಹಿಂಬದಿಯಲ್ಲಿ ತೇಲುತ್ತಿರುತ್ತವೆ, ಬೆರಳಿಗೆ ಸಿಗುತ್ತವೆ. ಛಾಪು ಹೊಡೆದ ಬಟ್ಟೆಯಲ್ಲಿ ಹಿಂಬದಿ ಬರೀ ಮಾಸಲು. ಪಾಲಿಯೆಸ್ಟರ್‌ನಲ್ಲಿ ನೇಯ್ದದ್ದೂ ಪೇಟೆಯಲ್ಲಿ ಸಾಕಷ್ಟಿದೆ, ಹಿಂಬದಿ ನೋಡಿ ಅದನ್ನು ಗುರುತಿಸಲಾಗದು. ಅದಕ್ಕೆ ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಪುಡಿ ಬೂದಿಯಾಗುತ್ತದೆ, ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಒಮ್ಮೆ ಕಣ್ಣಾರೆ ಕಂಡ ಗಿರಾಕಿ ಬೆಲೆಗೆ ಗುದ್ದಾಡುವುದಿಲ್ಲ.

ಇಳಕಲ್ ಸೀರೆಯ ಹಾಗೆ ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಸೂಚಿಕೆ (ಜಿ.ಐ. ಮಾನ್ಯತೆ) ಇದೆ. ಆದರೆ ಊರಿಗೆ ಮಾನ್ಯತೆ ಬಂದ ಮಾತ್ರಕ್ಕೆ ಆ ಚಿಹ್ನೆ ಅಂಟಿಸುವ ಹಕ್ಕು ನಿಮಗೆ ಬರುವುದಿಲ್ಲ. ಅಧಿಕೃತ ಬಳಕೆದಾರರೆಂದು ಚೆನ್ನೈನ ನೋಂದಣಿ ಕಚೇರಿಗೆ ಪ್ರತ್ಯೇಕ ಅರ್ಜಿ ಹಾಕಬೇಕು. 2020ರ ತಿದ್ದುಪಡಿಯ ನಂತರ ಶುಲ್ಕ 10 ರೂಪಾಯಿ ಮಾತ್ರ, ನೋಂದಣಿ 10 ವರ್ಷಕ್ಕೆ. ಇಷ್ಟು ಅಗ್ಗದ, ಇಷ್ಟು ಬೆಲೆಯ ಕಾಗದ ಇನ್ನೊಂದಿಲ್ಲ. ಮಗ್ಗವಿರುವ ಪ್ರತಿ ಮನೆಯೂ ಇದನ್ನು ಮಾಡಿಸಿಕೊಳ್ಳಬೇಕು ಎಂದು ಕೈಮುಗಿದು ಕೇಳುತ್ತೇನೆ. ಸುಳ್ಳು ಸೂಚಿಕೆ ಹಾಕಿ ಮಾರುವವರಿಗೆ ಕನಿಷ್ಠ 6 ತಿಂಗಳು ಸೆರೆ, ಕನಿಷ್ಠ 50,000 ದಂಡ ಎಂದು ಕಾಯ್ದೆ ಹೇಳುತ್ತದೆ. ಆದರೆ ದೂರು ಕೊಡಲು ನಿಂತವರ ಕೈಯಲ್ಲಿ ನೋಂದಣಿ ಪತ್ರ ಇರಬೇಕು.

ಖಣದ ನಿಜವಾದ ಗಿರಾಕಿ ಯಾರು ಎಂಬುದನ್ನೂ ನೋಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬನಶಂಕರಿ, ಸವದತ್ತಿ ಯಲ್ಲಮ್ಮನಂಥ ಕ್ಷೇತ್ರಗಳಿಗೆ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳು ಹೆಚ್ಚಿದ್ದಾರೆ. ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ ಕೇಂದ್ರ 2024ರಲ್ಲಿ 50 ವರ್ಷದ ಬಡ್ಡಿರಹಿತ ಸಾಲದ ಯೋಜನೆಯಡಿ 100 ಕೋಟಿ ಒಪ್ಪಿದೆ. ಈ ದುಡ್ಡು ರಸ್ತೆ, ಛತ್ರ, ನೀರಿಗೆ ಹೋಗುತ್ತದೆ, ನಿಮ್ಮ ಮನೆಗೆ ನೇರ ಬರುವುದಿಲ್ಲ; ಆದರೆ ಜನವನ್ನು ತರುತ್ತದೆ. ಆ ಹೆಣ್ಣುಮಕ್ಕಳು ಸಂಜೆಗೆ ಊರು ಸೇರುತ್ತಾರೆ, ಕೋಣೆ ಹಿಡಿಯುವುದಿಲ್ಲ. ಖಣ ಮಾತ್ರ ಕೊಳ್ಳುತ್ತಾರೆ, ಉಡಿ ತುಂಬಲು ಖಣವೇ ಬೇಕು. ಕೋಣೆಯ ಅತಿಥಿ ಬೆಂಗಳೂರಿನ, ಪುಣೆಯ ಕುಟುಂಬ. ಅವರು ಖಣದ ಸೀರೆ, ಚೀಲ ಕೇಳುತ್ತಾರೆ. ಮಹಾರಾಷ್ಟ್ರದವರಿಗೆ ನಮ್ಮ ಖಣ ಹೊಸದೇನಲ್ಲ. ಎರಡು ಗಿರಾಕಿಗೆ ಎರಡು ಬಗೆಯ ಸರಕು, ಎರಡು ಬೆಲೆ ಇಟ್ಟುಕೊಳ್ಳಿ. ಬನಶಂಕರಿಯ ಬನದ ಹುಣ್ಣಿಮೆಯ ಜಾತ್ರೆ ವಾರಗಟ್ಟಲೆ ನಡೆಯುತ್ತದೆ, ಅಲ್ಲಿ ಒಂದು ಅಂಗಡಿ ಜಾಗ ಹಿಡಿದರೆ ವರ್ಷದ ದಾಸ್ತಾನು ಕರಗುತ್ತದೆ. ಆದರೆ ಎರಡು ಮಗ್ಗದಲ್ಲಿ ಆ ದಾಸ್ತಾನು ಮಾಡಲು ದಸರೆಗೂ ಮುಂಚೆಯೇ ನೂಲು ತಂದಿರಬೇಕು. ನೇಕಾರರ ಮುದ್ರಾ ಸಾಲ ಕೇಳಬೇಕಾದ ಹೊತ್ತೂ ಅದೇ.

ತೆರಿಗೆಯ ಒಂದು ಎಚ್ಚರ. ಬರೀ ಸರಕು ಮಾರುವವರಿಗೆ ವಹಿವಾಟು 40 ಲಕ್ಷದವರೆಗೆ ಜಿ.ಎಸ್.ಟಿ. ನೋಂದಣಿ ಬೇಡ. ಅದೇ ಪ್ಯಾನ್‌ನಲ್ಲಿ ಕೋಣೆ ಬಾಡಿಗೆಯೂ ಸೇರಿದರೆ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಮಗ್ಗ ಮನೆಯವರ ಹೆಸರಲ್ಲಿ, ಹೋಂಸ್ಟೇ ನಿಮ್ಮ ಹೆಸರಲ್ಲಿ ಇರಲಿ ಎಂದದ್ದಕ್ಕೆ ಇದೂ ಒಂದು ಕಾರಣ. ಬ್ಯಾಂಕ್ ಖಾತೆ, ರಸೀದಿ ಪುಸ್ತಕವೂ ಬೇರೆ ಬೇರೆ ಇರಬೇಕು. ನೀವು ನೋಂದಣಿ ಮಾಡಿಸಿರದಿದ್ದರೂ ಬುಕಿಂಗ್ ಜಾಲತಾಣದ ಮೂಲಕ ಬಂದ ಕೋಣೆ ಬಾಡಿಗೆಯ ಮೇಲಿನ ಜಿ.ಎಸ್.ಟಿ.ಯನ್ನು ಆ ಜಾಲತಾಣವೇ ಕಟ್ಟುತ್ತದೆ. 2025ರ ಸೆಪ್ಟೆಂಬರ್ 22ರಿಂದ 7,500ರವರೆಗಿನ ಕೋಣೆಗೆ ದರ 5%. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ ಇಬ್ಬರೂ ಮಾಡಿಸಿಕೊಳ್ಳಿ, ಅದು ಉಚಿತ.

ಮುಂದಿನ ಅಕ್ಟೋಬರಿಗೆ ಕೋಣೆ ತೆರೆಯಬೇಕೆಂದರೆ ಹಿಂದಕ್ಕೆ ಎಣಿಸಿ. ದುರಸ್ತಿಗೆ ಎರಡು ತಿಂಗಳು, ಅಂದರೆ ಆಗಸ್ಟಿಗೆ ಸಾಲ ಕೈಗೆ ಬರಬೇಕು. ಬ್ಯಾಂಕಿಗೆ, ತರಬೇತಿಗೆ ಎರಡು ತಿಂಗಳು ಹಿಡಿದರೆ ಜೂನ್ ಆರಂಭಕ್ಕೆ ಸ್ಮಾರಕ ಪ್ರಾಧಿಕಾರದ ಪತ್ರ ಸಿಕ್ಕಿರಬೇಕು. ಅದಕ್ಕೆ ಫೆಬ್ರುವರಿ ಮಧ್ಯದೊಳಗೆ ಅರ್ಜಿ ಸೇರಬೇಕು. ಅಷ್ಟರಲ್ಲಿ ಖಾತೆ ಬದಲಾಗಿರಬೇಕಾದರೆ ವಂಶವೃಕ್ಷದ ಅರ್ಜಿ ದೀಪಾವಳಿ ಮುಗಿದ ಕೂಡಲೇ ನಾಡಕಚೇರಿಯಲ್ಲಿರಬೇಕು. ಹಬ್ಬಕ್ಕೆ ಒಡಹುಟ್ಟಿದವರು ಮನೆಗೆ ಬಂದಿರುತ್ತಾರಲ್ಲ, ಹಕ್ಕು ಬಿಡುಗಡೆಯ ಮಾತನ್ನೂ ಆಗಲೇ ಎತ್ತಿ.